ಬಣ್ಣ ಬಳಿಯುವವನ ಕೈ ನೋಡಿ!



2020ರ ಏಪ್ರಿಲ್ 30 ನೆನಪಿದೆಯಾ? ಕೊರೊನಾ ಕಾಲ. ಅಂದು ಕೇಂದ್ರದ ಆರೋಗ್ಯ ಇಲಾಖೆ ದೇಶದ ಜಿಲ್ಲೆಗಳಿಗೆಲ್ಲ ಬಣ್ಣ ಹಂಚಿತು. 130 ಜಿಲ್ಲೆ ಕೆಂಪು. 284 ಜಿಲ್ಲೆ ಕಿತ್ತಳೆ. 319 ಜಿಲ್ಲೆ ಹಸಿರು. ಹಸಿರು ಜಿಲ್ಲೆಯವನು ಅಂಗಡಿ ಬಾಗಿಲು ತೆರೆದ. ಕೆಂಪು ಜಿಲ್ಲೆಯವನು ಬಾಗಿಲ ಹಿಂದೆ ಕೂತ.

ಬೆಂಗಳೂರು ಕೆಂಪು. ನನ್ನ ಪ್ರೆಸ್ಸು ಬೆಂಗಳೂರಿನ ಒಂದು ಸಣ್ಣ ಗಲ್ಲಿಯಲ್ಲಿದೆ. ಮದುವೆ ಸೀಸನ್ನಿನ ಹೊತ್ತು. ಅಚ್ಚಾಗಿ ಕಟ್ಟಿಟ್ಟಿದ್ದ ಲಗ್ನಪತ್ರಿಕೆಗಳು ಹಾಗೇ ಧೂಳು ತಿಂದವು. ಮೆಷಿನ್ನಿನ ರೋಲರ್ ಮೇಲೆ ಇಂಕು ಒಣಗಿತು. ಕೆಲಸದ ಹುಡುಗರು ಊರು ಸೇರಿದರು. ನಾನು ಮನೆಯಲ್ಲಿ ಕೂತು ಟಿವಿಯಲ್ಲಿ ಆ ನಕ್ಷೆಯನ್ನು ನೋಡುತ್ತಿದ್ದೆ. ಇಪ್ಪತ್ತು ವರ್ಷಕ್ಕೂ ಮೇಲೆ ಬಣ್ಣದ ಜೊತೆ ಬದುಕಿದವನು ನಾನು. ಒಂದು ಬಣ್ಣ ನನ್ನ ಅನ್ನದ ಬಾಗಿಲಿಗೆ ಬೀಗ ಹಾಕಬಲ್ಲದು ಅಂತ ಅಂದೇ ಗೊತ್ತಾಗಿದ್ದು.

ರೋಗ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬೀಗ ಹಾಕಿದ್ದು ತಪ್ಪು ಅಂತಲೂ ಹೇಳುತ್ತಿಲ್ಲ. ಆದರೆ ಆ ನಕ್ಷೆಯಲ್ಲಿ ಪಕ್ಕದ ಮೈಸೂರನ್ನು ನೋಡಿ. ಇಡೀ ಜಿಲ್ಲೆ ಕೆಂಪು. ಅಲ್ಲಿನ ಹೆಚ್ಚಿನ ಕೇಸುಗಳು ನಂಜನಗೂಡಿನ ಒಂದು ಕಾರ್ಖಾನೆಯ ನಂಟಿನವು. ಬಣ್ಣ ಮಾತ್ರ ಎಚ್.ಡಿ. ಕೋಟೆಯ ಕಾಡಂಚಿನ ಊರಿಗೂ ಅದೇ. ಯಾಕೆ? ಬಣ್ಣ ಹಚ್ಚಿದವರು ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿದರು, ತಾಲ್ಲೂಕನ್ನು ಹಿಡಿಯಲಿಲ್ಲ. ಅಷ್ಟೇ! ಕೊನೆಗೆ ಮೇ 17ರ ಆದೇಶದಲ್ಲಿ ಬಣ್ಣ ಹಂಚುವ ಅಧಿಕಾರವನ್ನು ರಾಜ್ಯಗಳ ಕೈಗೆ ಕೊಟ್ಟರು. ಕುಂಚ ಕೈ ಬದಲಾಯಿಸಿತು.

ಇವತ್ತು ನಿಮ್ಮ ಮೊಬೈಲಿನಲ್ಲಿ ಇಂಥ ನಕ್ಷೆ, ಇಂಥ ಕೋಷ್ಟಕ ದಿನಕ್ಕೆ ಹತ್ತು ಬರುತ್ತವೆ. ಯಾವ ಜಿಲ್ಲೆ ಹಿಂದೆ, ಯಾವ ವಾರ್ಡು ಕೊಳಕು, ಯಾವ ಶೇರು ಏರಿತು, ಎಲ್ಲದಕ್ಕೂ ಬಣ್ಣ. ಕಂಪ್ಯೂಟರ್ ಕಲಿತವರು ಇದನ್ನು ‘ಹೀಟ್ ಮ್ಯಾಪ್’ ಅನ್ನುತ್ತಾರೆ. ನೀವು ಕಡುಗೆಂಪು ಕಂಡ ಕೂಡಲೇ ‘ಅಯ್ಯೋ’ ಅಂತ ಫಾರ್ವರ್ಡ್ ಮಾಡುತ್ತೀರಿ. ಒಂದು ಕ್ಷಣ ನಿಲ್ಲಿ ತಮ್ಮಂದಿರೇ, ತಂಗಿಯರೇ! ಆ ಕೆಂಪನ್ನು ಹಚ್ಚಿದ ಕೈ ಯಾವುದು ಅಂತ ಕೇಳಿದ್ದೀರಾ?

ಹೀಟೂ ಇಲ್ಲ, ಮ್ಯಾಪೂ ಇಲ್ಲ

ಹೆಸರು ಕೇಳಿ ಹೆದರಬೇಡಿ. ಪಿಯುಸಿ ಓದಿದ ನನಗೇ ಅರ್ಥವಾಗಿದೆ ಅಂದಮೇಲೆ ನಿಮಗೇನು ಕಷ್ಟ? ಒಂದು ಕೋಷ್ಟಕ ಇದೆ ಅಂತಿಟ್ಟುಕೊಳ್ಳಿ. ಅಡ್ಡಸಾಲಿನಲ್ಲಿ ಜಿಲ್ಲೆಗಳು, ಕಂಬಸಾಲಿನಲ್ಲಿ ವರ್ಷಗಳು. ಪ್ರತಿ ಮನೆಯಲ್ಲೂ ಒಂದು ಅಂಕಿ. ಆ ಅಂಕಿ ದೊಡ್ಡದಾದಷ್ಟೂ ಬಣ್ಣ ಗಾಢ, ಚಿಕ್ಕದಾದಷ್ಟೂ ತಿಳಿ. ಇಷ್ಟೇ ಹೀಟ್ ಮ್ಯಾಪ್. ಬಿಸಿಯೂ ಇಲ್ಲ, ಬಹಳ ಸಲ ನಕ್ಷೆಯೂ ಇಲ್ಲ. ಕೋಷ್ಟಕದ ಬದಲು ಊರಿನ ನಕ್ಷೆಗೇ ಹೀಗೆ ಬಣ್ಣ ಹಚ್ಚಿದರೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ.

ಇದು ಕಂಪ್ಯೂಟರ್ ಹುಟ್ಟಿಸಿದ ಮಗುವೂ ಅಲ್ಲ. 1826ರಲ್ಲಿ ಫ್ರಾನ್ಸಿನ ಶಾರ್ಲ್ ದ್ಯುಪಾಂ ಎಂಬಾತ ತನ್ನ ದೇಶದ ನಕ್ಷೆ ಬರೆದು, ಶಾಲೆಗೆ ಹೋಗುವ ಹುಡುಗರು ಕಡಿಮೆ ಇದ್ದ ಜಿಲ್ಲೆಗಳಿಗೆ ಕಪ್ಪು ಛಾಯೆ ಹಾಕಿದ. ಉತ್ತರ ಫ್ರಾನ್ಸ್ ತಿಳಿಯಾಗಿ, ದಕ್ಷಿಣ ಫ್ರಾನ್ಸ್ ಕಪ್ಪಾಗಿ ಎದ್ದು ಕಂಡಿತು. ಒಂದೇ ದೇಶ, ಎರಡು ಬಣ್ಣ! 1873ರಲ್ಲಿ ತೂಸಾಂ ಲೂವಾ ಎಂಬಾತ ಪ್ಯಾರಿಸ್ಸಿನ 20 ವಿಭಾಗಗಳ ಜನಜೀವನದ ಲೆಕ್ಕವನ್ನು ಬಣ್ಣದ ಚೌಕಗಳ ಒಂದೇ ಕೋಷ್ಟಕದಲ್ಲಿ ಇಳಿಸಿದ. ‘ಹೀಟ್ ಮ್ಯಾಪ್’ ಅನ್ನುವ ಹೆಸರು ಬಂದದ್ದು ಬಹಳ ತಡವಾಗಿ. 1990ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ಮ್ಯಾಕ್ ಕಿನ್ನಿ ಎಂಬಾತ ಷೇರುಪೇಟೆಯ ಏರಿಳಿತ ತೋರಿಸುವ ತನ್ನ ಸಾಫ್ಟ್‌ವೇರಿಗೆ ಇಟ್ಟ ಹೆಸರು ಅದು. ಆಮೇಲೆ ಟ್ಯಾಬ್ಲೋ ಬಂತು, ಪವರ್ ಬಿಐ ಬಂತು. ಈಗ ಎರಡು ಕ್ಲಿಕ್ಕಿನಲ್ಲಿ ಯಾರು ಬೇಕಾದರೂ ಬಣ್ಣ ಬಳಿಯಬಹುದು.

ತೊಂದರೆ ಶುರುವಾಗುವುದೇ ಈ ಎರಡು ಕ್ಲಿಕ್ಕಿನಿಂದ. ನೀವು ಒತ್ತುವುದು ಎರಡೇ ಗುಂಡಿ. ಮಿಕ್ಕ ಎಲ್ಲ ತೀರ್ಮಾನವನ್ನೂ ಸಾಫ್ಟ್‌ವೇರ್ ನಿಮ್ಮನ್ನು ಕೇಳದೆ ತಾನೇ ಮಾಡಿಬಿಟ್ಟಿರುತ್ತದೆ.

ನಾನು ಮಾಡಿದ ಎಡವಟ್ಟು

ಬೇರೆಯವರನ್ನು ಬೈಯುವ ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಸೇವಾ ಸಂಸ್ಥೆಯವರು ಪುಸ್ತಿಕೆ ಅಚ್ಚಿಗೆ ತಂದರು. ಶಾಲೆಗಳ ಸ್ಥಿತಿಗತಿ. ಒಳಗೆ ಆರು ಪುಟ ಹೀಟ್ ಮ್ಯಾಪ್. ಚೆನ್ನಾಗಿರುವ ಶಾಲೆಗೆ ಹಸಿರು, ನಡುವಿನದಕ್ಕೆ ಹಳದಿ, ಕೆಟ್ಟದ್ದಕ್ಕೆ ಕೆಂಪು. ಪರದೆಯ ಮೇಲೆ ನೋಡಲು ತೇರಿನ ಹಾಗಿತ್ತು. ಆದರೆ ಕೈಯಲ್ಲಿ ದುಡ್ಡಿಲ್ಲ. ನಾಲ್ಕು ಬಣ್ಣದ ಆಫ್‌ಸೆಟ್ ಅಂದರೆ ನಾಲ್ಕು ಪ್ಲೇಟು, ನಾಲ್ಕು ಇಂಕು. ‘ಒಳಪುಟ ಸಿಂಗಲ್ ಕಲರ್ ಹಾಕಿಬಿಡಿ’ ಅಂದರು. ನಾನೂ ‘ಆಯ್ತು’ ಅಂದೆ. ಪ್ರೂಫ್ ನೋಡುವಾಗ ಅಕ್ಷರ ನೋಡಿದೆ, ಬಣ್ಣ ನೋಡಲಿಲ್ಲ. 500 ಕಾಪಿ ಹೊಡೆದೆ.

ಬೈಂಡಿಂಗ್ ಆದಮೇಲೆ ನನ್ನ ಡಿಟಿಪಿ ಹುಡುಗಿ ಪುಟ ತಿರುವಿ ಕೇಳಿದಳು: ‘ಅಣ್ಣಾ, ಇದ್ರಲ್ಲಿ ಒಳ್ಳೇ ಸ್ಕೂಲ್ ಯಾವ್ದು, ಕೆಟ್ಟ ಸ್ಕೂಲ್ ಯಾವ್ದು?’

ನೋಡಿದೆ. ಎದೆ ಧಸಕ್ ಅಂತು. ಹಸಿರೂ ಬೂದು, ಕೆಂಪೂ ಬೂದು. ಎರಡೂ ಒಂದೇ ಬೂದು! ನಡುವಿನ ಹಳದಿ ಮಾತ್ರ ಹೆಚ್ಚುಕಡಿಮೆ ಬಿಳಿ. ಅತಿ ಒಳ್ಳೆಯ ಶಾಲೆಗೂ ಅತಿ ಕೆಟ್ಟ ಶಾಲೆಗೂ ಅವಳಿ ಮಕ್ಕಳ ಮುಖ. ಆ ಪುಟಗಳನ್ನು ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿದೆ.

ಆಮೇಲೆ ಆ ಹುಡುಗಿಯೇ ಲೆಕ್ಕ ತೆಗೆದಳು. ಎಕ್ಸೆಲ್ ಸಿದ್ಧವಾಗಿ ಕೊಡುವ ಹಸಿರು-ಹಳದಿ-ಕೆಂಪು ಸ್ಕೇಲು ಇದೆಯಲ್ಲ, ಅದರ ಬಣ್ಣಗಳನ್ನು ಕಪ್ಪು-ಬಿಳುಪಿಗೆ ಇಳಿಸಿದರೆ ಏನಾಗುತ್ತದೆ? ಕಪ್ಪಿಗೆ ಸೊನ್ನೆ, ಬಿಳಿಗೆ 255 ಅಂತಿಟ್ಟುಕೊಂಡರೆ ಕೆಂಪು 148, ಹಸಿರು 155, ಹಳದಿ 229. ಏಳು ಅಂಕದ ವ್ಯತ್ಯಾಸವನ್ನು ಅಗ್ಗದ ಕಾಗದದ ಮೇಲೆ ದೇವರೂ ಕಂಡುಹಿಡಿಯಲಾರ. ಜೆರಾಕ್ಸ್ ಅಂಗಡಿಯಲ್ಲೂ ಇದೇ ಗತಿ. ಸರ್ಕಾರಿ ಕಚೇರಿಗಳಲ್ಲಿ ಕಾಗದ ಓಡಾಡುವುದೇ ಜೆರಾಕ್ಸಿನಲ್ಲಿ ತಾನೇ?

ಇನ್ನೊಂದು ಮಾತು. ನನ್ನ ಪ್ರೆಸ್ಸಿನಲ್ಲಿ ಮೊದಲಿದ್ದ ಮೆಷಿನ್‌ಮನ್ ಒಬ್ಬನಿಗೆ ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣುತ್ತಿರಲಿಲ್ಲ. ಡಬ್ಬದ ಮೇಲಿನ ಚೀಟಿ ಓದಿ ಇಂಕು ಹಾಕುತ್ತಿದ್ದ. ಇಂಥವರು ಎಷ್ಟೋ ಜನ ಇದ್ದಾರೆ. ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು 8 ಪರ್ಸೆಂಟ್ ಜನಕ್ಕೆ ಈ ತೊಂದರೆ ಇದೆ ಅನ್ನುತ್ತಾರೆ ಬಲ್ಲವರು. ಸಾಫ್ಟ್‌ವೇರ್ ಮಾಡುವವರಿಗೂ ಈ ಬುದ್ಧಿ ತಡವಾಗಿ ಬಂತು. ಮ್ಯಾಟ್‌ಲ್ಯಾಬ್ 2014ರಲ್ಲಿ, ಮ್ಯಾಟ್‌ಪ್ಲಾಟ್‌ಲಿಬ್ 2017ರಲ್ಲಿ ತಮ್ಮ ಹಳೆಯ ಕಾಮನಬಿಲ್ಲಿನ ಸ್ಕೇಲನ್ನು ಬಿಟ್ಟು, ಕಡುವಿನಿಂದ ತಿಳಿಗೆ ಒಂದೇ ಸಮನೆ ಏರುವ ಬಣ್ಣಗಳನ್ನು ತಂದವು.

ನಮ್ಮ ಹಳೆಯ ಪ್ರೆಸ್ಸಿನವರಿಗೆ ಇದು ಮೊದಲೇ ಗೊತ್ತಿತ್ತು. ಒಂದೇ ಇಂಕಿನ 10 ಪರ್ಸೆಂಟ್, 30 ಪರ್ಸೆಂಟ್, 50, 70, 90. ಐದು ಮೆಟ್ಟಿಲು. ಯಾವ ಕಾಗದಕ್ಕೂ ಸೈ, ಯಾವ ಕಣ್ಣಿಗೂ ಸೈ. ಬಣ್ಣಗುರುಡನೂ ಓದುತ್ತಾನೆ, ಜೆರಾಕ್ಸೂ ಓದುತ್ತದೆ.

ಬನ್ನಿ, ಒಂದನ್ನು ಮಾಡಿಯೇ ನೋಡೋಣ

ಬಾಯಿಮಾತು ಸಾಕು. ನಮ್ಮದೇ ನಾಡಿನ ಅಂಕಿ ತೆಗೆದುಕೊಳ್ಳೋಣ. 2011ರ ಜನಗಣತಿಯ ಸಾಕ್ಷರತೆ. ಹಳೆಯದು ಅಂತ ಮೂಗು ಮುರಿಯಬೇಡಿ. 2021ಕ್ಕೆ ಆಗಬೇಕಿದ್ದ ಗಣತಿ ಆ ವರ್ಷ ಆಗಲಿಲ್ಲ. ಏಳು ಜಿಲ್ಲೆ, ನೂರಕ್ಕೆ ಎಷ್ಟು ಜನ ಓದುಬಲ್ಲವರು ಅನ್ನುವ ಲೆಕ್ಕ:

ದಕ್ಷಿಣ ಕನ್ನಡ — ಗಂಡಸರು 93.13, ಹೆಂಗಸರು 84.13
ಉಡುಪಿ — ಗಂಡಸರು 91.41, ಹೆಂಗಸರು 81.58
ಬೆಂಗಳೂರು ನಗರ — ಗಂಡಸರು 91.01, ಹೆಂಗಸರು 84.01
ಕೊಪ್ಪಳ — ಗಂಡಸರು 78.54, ಹೆಂಗಸರು 57.55
ಕಲಬುರಗಿ — ಗಂಡಸರು 74.38, ಹೆಂಗಸರು 55.09
ರಾಯಚೂರು — ಗಂಡಸರು 70.47, ಹೆಂಗಸರು 48.73
ಯಾದಗಿರಿ — ಗಂಡಸರು 62.25, ಹೆಂಗಸರು 41.38

ಇದನ್ನು ಕಂಪ್ಯೂಟರಿನಲ್ಲಿ ಹೊಡೆಯಿರಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕಿಲ್ಲ. ಲಿಬ್ರೆಆಫೀಸ್ ಕ್ಯಾಲ್ಕ್ ಪುಕ್ಕಟೆ ಸಿಗುತ್ತದೆ. ಗೂಗಲ್ ಶೀಟ್ಸ್ ನಿಮ್ಮ ಮೇಲ್ ಜೊತೆಗೇ ಇದೆ. ಅಂಕಿಗಳನ್ನು ಆಯ್ದು, ಫಾರ್ಮ್ಯಾಟ್ ಮೆನುವಿನೊಳಗೆ ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಹೋಗಿ ಕಲರ್ ಸ್ಕೇಲ್ ಒತ್ತಿ. ಎಕ್ಸೆಲ್ ಇದ್ದರೆ ಅದೇ ಕಂಡೀಷನಲ್ ಫಾರ್ಮ್ಯಾಟಿಂಗ್ ಹೋಮ್ ಪಟ್ಟಿಯಲ್ಲಿದೆ.

ಈಗ ಗಮನ ಇಟ್ಟು ಕೇಳಿ. ಇಲ್ಲೇ ಇರೋದು ಗುಟ್ಟು.

ಮೊದಲು ಗಂಡಸರ ಕಂಬಸಾಲನ್ನು ಮಾತ್ರ ಆಯ್ದು ಬಣ್ಣ ಕೊಡಿ. ಆಮೇಲೆ ಹೆಂಗಸರ ಕಂಬಸಾಲನ್ನು ಬೇರೆಯಾಗಿ ಆಯ್ದು ಬಣ್ಣ ಕೊಡಿ. ಏನು ಕಾಣುತ್ತದೆ? ಎರಡೂ ಕಂಬ ಹೆಚ್ಚುಕಡಿಮೆ ಒಂದೇ ಥರ! ಮೇಲೆ ದಕ್ಷಿಣ ಕನ್ನಡ ಕಡುಬಣ್ಣ, ಕೆಳಗೆ ಯಾದಗಿರಿ ತಿಳಿಬಣ್ಣ. ಗಂಡಸರದ್ದೂ ಹಾಗೆ, ಹೆಂಗಸರದ್ದೂ ಹಾಗೆ. ನೋಡಿದವನು ಏನಂದುಕೊಳ್ಳುತ್ತಾನೆ? ‘ಉತ್ತರದ ಜಿಲ್ಲೆಗಳು ಸ್ವಲ್ಪ ಹಿಂದಿವೆ. ಗಂಡು-ಹೆಣ್ಣಿನ ನಡುವೆ ಅಂಥ ಭೇದವೇನೂ ಇಲ್ಲ.’

ಈಗ ಆ ಬಣ್ಣ ಅಳಿಸಿ. ಎರಡೂ ಕಂಬವನ್ನು ಒಟ್ಟಿಗೆ ಆಯ್ದು ಒಂದೇ ಸ್ಕೇಲು ಕೊಡಿ. ಕನಿಷ್ಠ 40, ಗರಿಷ್ಠ 95 ಅಂತ ನೀವೇ ಅಂಕಿ ಬರೆಯಿರಿ. ಅಬ್ಬಾ! ಹೆಂಗಸರ ಕಂಬ ಮೇಲಿಂದ ಕೆಳಗಿನವರೆಗೂ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ರಾಯಚೂರಿನಲ್ಲಿ ಗಂಡಸರಿಗೂ ಹೆಂಗಸರಿಗೂ 21.74 ಅಂಶದ ಅಂತರ. ಕೊಪ್ಪಳದಲ್ಲಿ 20.99. ಯಾದಗಿರಿಯಲ್ಲಿ 20.87. ಯಾದಗಿರಿಯ ಹೆಂಗಸರ ಮನೆ ಹಾಳೆಯ ಬಿಳಿಗೇ ಹತ್ತಿರ ಬಂದುಬಿಡುತ್ತದೆ.

ಅದೇ ಅಂಕಿ. ಅದೇ ಸಾಫ್ಟ್‌ವೇರ್. ಅದೇ ಬಣ್ಣ. ಒಂದು ಚಿತ್ರದಲ್ಲಿ ಲಕ್ಷಾಂತರ ಹೆಣ್ಣುಮಕ್ಕಳಿಗೆ ಆದ ಅನ್ಯಾಯ ಮಾಯ. ಇನ್ನೊಂದರಲ್ಲಿ ಅದು ಕಣ್ಣಿಗೆ ಹೊಡೆಯುತ್ತದೆ. ಯಾರೂ ಸುಳ್ಳು ಬರೆದಿಲ್ಲ, ಒಂದು ಅಂಕಿಯನ್ನೂ ತಿದ್ದಿಲ್ಲ. ಮೌಸ್ ಹಿಡಿದ ಕೈ ಎಲ್ಲಿಂದ ಎಲ್ಲಿಯವರೆಗೆ ಎಳೆಯಿತು ಅನ್ನೋದರ ಮೇಲೆ ಎಲ್ಲ ನಿಂತಿದೆ!

ಯಾಕೆ ಹೀಗೆ? ನೀವು ಏನೂ ಹೇಳದಿದ್ದರೆ ಸಾಫ್ಟ್‌ವೇರ್ ತಾನು ಕಂಡ ಅತಿ ಚಿಕ್ಕ ಅಂಕಿಗೆ ಒಂದು ತುದಿಯ ಬಣ್ಣ, ಅತಿ ದೊಡ್ಡ ಅಂಕಿಗೆ ಇನ್ನೊಂದು ತುದಿಯ ಬಣ್ಣ ಕೊಡುತ್ತದೆ. ಗಂಡಸರ ಕಂಬದಲ್ಲಿ ಅತಿ ಚಿಕ್ಕದು 62. ಹೆಂಗಸರದ್ದರಲ್ಲಿ 41. ಎರಡಕ್ಕೂ ಒಂದೇ ತಿಳಿಬಣ್ಣ. ಒಂದೇ ಅಳತೆಪಟ್ಟಿ ಇಲ್ಲದೆ ಎರಡು ಬಟ್ಟೆ ಅಳೆದ ಹಾಗೆ.

ಇದರ ಉಲ್ಟಾ ಮೋಸವೂ ಇದೆ. ಐದು ಶಾಲೆಗಳ ರಿಸಲ್ಟು 86, 87, 87, 88, 89 ಅಂತಿಟ್ಟುಕೊಳ್ಳಿ. ಸಾಫ್ಟ್‌ವೇರ್ 86ಕ್ಕೆ ಕಡುಗೆಂಪು, 89ಕ್ಕೆ ಕಡುಹಸಿರು ಬಳಿಯುತ್ತದೆ. ಮೂರು ಅಂಕದ ವ್ಯತ್ಯಾಸಕ್ಕೆ ಒಂದು ಶಾಲೆ ನರಕ, ಇನ್ನೊಂದು ಸ್ವರ್ಗ! ಕೆಂಪು ಬಿದ್ದ ಶಾಲೆಯ ಮೇಷ್ಟ್ರ ಗತಿ ಏನು ಸ್ವಾಮಿ?

ಇನ್ನು ಟ್ಯಾಬ್ಲೋ ಬಳಸುವ ಐಟಿ ಗೆಳೆಯರಿಗೆ ಒಂದು ಮಾತು. ಅದರಲ್ಲಿ ಅಂಕಿಯನ್ನು ಎಳೆದು ಬಣ್ಣದ ಡಬ್ಬಕ್ಕೆ ಹಾಕಿದ ಕೂಡಲೇ ಅದು ಮೊದಲು ಮಾಡುವ ಕೆಲಸ ಕೂಡುವುದು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ. ಈ ಆರು ಜಿಲ್ಲೆಯ 2011ರ ಸಾಕ್ಷರತೆಯ ಪರ್ಸೆಂಟನ್ನು ವಿಭಾಗವಾರು ಹಾಕಿ ನೋಡಿ. ಕೂಡಿ 382 ಪರ್ಸೆಂಟ್ ಸಾಕ್ಷರತೆ ತೋರಿಸುತ್ತದೆ! ನೂರಕ್ಕೆ 382 ಜನ ಓದುಬಲ್ಲವರು! ಅಂಕಿ ಕಾಣಿಸಿದರೆ ನಗುತ್ತೀರಿ. ಬರೀ ಬಣ್ಣ ಕಾಣಿಸಿದರೆ ನಂಬುತ್ತೀರಿ. ಸರಾಸರಿಗೆ ಬದಲಾಯಿಸಿದರೂ ಪೂರ್ತಿ ಸರಿಯಾಗುವುದಿಲ್ಲ. ದೊಡ್ಡ ಜಿಲ್ಲೆಗೂ ಸಣ್ಣ ಜಿಲ್ಲೆಗೂ ಒಂದೇ ತೂಕ ಬೀಳುತ್ತದೆ. ಜನಸಂಖ್ಯೆ ಹಿಡಿದು ಮತ್ತೆ ಲೆಕ್ಕ ಹಾಕಲೇಬೇಕು.

ಒಂದು ವಿಷಯ ಮರೆತಿದ್ದೆ. 1826ರ ಆ ಫ್ರಾನ್ಸಿನ ನಕ್ಷೆ ಎಣಿಸಿದ್ದು ಗಂಡುಹುಡುಗರನ್ನು ಮಾತ್ರ. ಹೆಣ್ಣುಮಕ್ಕಳ ಕಂಬವೇ ಅಲ್ಲಿಲ್ಲ. ಬಣ್ಣ ಹಚ್ಚದ ಕಂಬದ ಅನ್ಯಾಯವನ್ನು ಯಾವ ಕಣ್ಣೂ ಕಾಣದು.

ಗೆರೆ ಎಳೆದವನೇ ಧಣಿ

ಬಣ್ಣವನ್ನು ಮೆಟ್ಟಿಲಾಗಿ ಒಡೆದರೆ ಗೆರೆ ಎಲ್ಲಿ ಎಳೆಯುತ್ತೀರಿ? ಮೇಲಿನ ಕೋಷ್ಟಕವನ್ನು 40ರಿಂದ 95ರವರೆಗೆ ಐದು ಸಮ ಭಾಗ ಮಾಡಿ ನೋಡಿ. ಕೊನೆಯ ಗೆರೆ 84ಕ್ಕೆ ಬೀಳುತ್ತದೆ. ಬೆಂಗಳೂರಿನ ಹೆಂಗಸರು 84.01. ಕೂದಲೆಳೆಯಲ್ಲಿ ಮೇಲಿನ ಬಣ್ಣಕ್ಕೆ ಹಾರಿದರು! ಉಡುಪಿಯ ಹೆಂಗಸರು 81.58. ಒಂದು ಬಣ್ಣ ಕೆಳಗೆ ಉಳಿದರು. ಗೆರೆಯನ್ನು 85ಕ್ಕೆ ಸರಿಸಿದರೆ ಬೆಂಗಳೂರೂ ಕೆಳಗೆ, ದಕ್ಷಿಣ ಕನ್ನಡವೂ ಕೆಳಗೆ.

ಇದು ಆಟ ಅಂದುಕೊಳ್ಳಬೇಡಿ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿಯ ಹೆಸರು ಕೇಳಿದ್ದೀರಲ್ಲ? 2002ರಲ್ಲಿ ವರದಿ ಕೊಟ್ಟಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆದು ಒಂದೊಂದಕ್ಕೂ ಒಂದು ಅಂಕ ಕೊಟ್ಟಿತು. ರಾಜ್ಯದ ಸರಾಸರಿಗೆ 1. ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕು ಹಿಂದುಳಿದವು. ಅದರಲ್ಲೂ ಮೂರು ಮೆಟ್ಟಿಲು. 0.89ರಿಂದ 0.99ರವರೆಗೆ ಹಿಂದುಳಿದ ತಾಲ್ಲೂಕು 35. 0.80ರಿಂದ 0.88ರವರೆಗೆ ಅತಿ ಹಿಂದುಳಿದವು 40. 0.79 ಮತ್ತು ಅದಕ್ಕಿಂತ ಕೆಳಗೆ ಅತ್ಯಂತ ಹಿಂದುಳಿದವು 39.

ಆ ಹಿರಿಯರು ಮಾಡಿದ್ದು ದೊಡ್ಡ ಕೆಲಸ. ‘ಉತ್ತರ ಕರ್ನಾಟಕ ಹಿಂದುಳಿದಿದೆ’ ಅನ್ನುವ ಬರೀ ಭಾಷಣದ ಬದಲು ತಾಲ್ಲೂಕು ತಾಲ್ಲೂಕಿನ ಲೆಕ್ಕ ಕೊಟ್ಟರು. ದಕ್ಷಿಣದಲ್ಲೂ ಅತ್ಯಂತ ಹಿಂದುಳಿದ ತಾಲ್ಲೂಕುಗಳಿವೆ ಅಂತ ಆ ವರದಿ ತೋರಿಸಿತು. ಮುಖ್ಯವಾಗಿ, ಗೆರೆ ಎಲ್ಲಿ ಎಳೆದೆವು ಅಂತ ಅವರು ಅಂಕಿ ಸಮೇತ ಬರೆದಿಟ್ಟರು. ಅದಕ್ಕೇ ನಾವು ಇವತ್ತು ಅದರ ಬಗ್ಗೆ ಮಾತಾಡಬಹುದು, ವಾದ ಮಾಡಬಹುದು. 0.79ರ ತಾಲ್ಲೂಕಿಗೂ 0.80ರ ತಾಲ್ಲೂಕಿಗೂ ಬದುಕಿನಲ್ಲಿ ಏನು ವ್ಯತ್ಯಾಸ ಅಂತ ಕೇಳಬಹುದು. ನಿಮ್ಮ ಮೊಬೈಲಿಗೆ ಬರುವ ನಕ್ಷೆಗಳಲ್ಲಿ ಗೆರೆ ಎಲ್ಲಿದೆ ಅಂತ ಬರೆದಿರುತ್ತದಾ? ಹತ್ತರಲ್ಲಿ ಎಂಟರಲ್ಲಿ ಬಣ್ಣದ ಪಟ್ಟಿಯೇ ಇರುವುದಿಲ್ಲ. ಬರೀ ಕೆಂಪು, ಬರೀ ಹಸಿರು, ಕೆಳಗೆ ಒಂದು ಉದ್ಗಾರ ಚಿಹ್ನೆ!

ಬೆಂಗಳೂರು ಯಾವಾಗಲೂ ಕೆಂಪು ಯಾಕೆ?

ಅಪಘಾತದ ನಕ್ಷೆ ಹಾಕಿ, ಬೆಂಗಳೂರು ಕೆಂಪು. ಕಳ್ಳತನದ ನಕ್ಷೆ ಹಾಕಿ, ಬೆಂಗಳೂರು ಕೆಂಪು. ಶಾಲೆ, ಆಸ್ಪತ್ರೆ, ವಾಹನ, ಯಾವುದರ ಒಟ್ಟು ಸಂಖ್ಯೆ ಹಾಕಿದರೂ ಬೆಂಗಳೂರೇ ಕಡುಬಣ್ಣ. ಇದರಲ್ಲಿ ಪವಾಡವೇನೂ ಇಲ್ಲ. 2011ರಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ. ಕೊಡಗಿನಲ್ಲಿ ಐದೂವರೆ ಲಕ್ಷ. ಹದಿನೇಳು ಕೊಡಗು ಸೇರಿದರೆ ಒಂದು ಬೆಂಗಳೂರು! ಒಟ್ಟು ಸಂಖ್ಯೆ ಹಾಕಿದರೆ ನೀವು ಕಾಣುವುದು ಜನಸಂಖ್ಯೆಯ ನಕ್ಷೆಯನ್ನು, ಮತ್ತೇನನ್ನೂ ಅಲ್ಲ. ಲಕ್ಷ ಜನಕ್ಕೆ ಎಷ್ಟು ಅಂತ ಭಾಗಿಸಿದ ಮೇಲಷ್ಟೇ ಬಣ್ಣ ಹಚ್ಚಬೇಕು.

ಹಾಗಂತ ಯಾವಾಗಲೂ ಭಾಗಿಸಲೇಬೇಕು ಅಂತಲೂ ಇಲ್ಲ. ಎಲ್ಲಿ ಎಷ್ಟು ಹಾಸಿಗೆ ಬೇಕು, ಎಷ್ಟು ಪುಸ್ತಕ ಅಚ್ಚು ಹಾಕಬೇಕು ಅನ್ನುವಾಗ ಒಟ್ಟು ಸಂಖ್ಯೆಯೇ ಬೇಕು. ನನ್ನ ಪ್ರೆಸ್ಸಿಗೆ ಆರ್ಡರ್ ಕೊಡುವವನು ‘ಲಕ್ಷಕ್ಕೆ ಇಷ್ಟು ಕಾಪಿ’ ಅಂದರೆ ನಾನು ಕಾಗದ ಹೇಗೆ ತರಲಿ? ಪ್ರಶ್ನೆ ಏನು ಅಂತ ಮೊದಲು ತಿಳಿಯಬೇಕು, ಬಣ್ಣ ಆಮೇಲೆ.

ಬಿಳಿ ಜಾಗದ ಕಥೆ

ಕೊನೆಯ ಮೋಸ, ಎಲ್ಲಕ್ಕಿಂತ ಸದ್ದಿಲ್ಲದ್ದು. ನಕ್ಷೆಯಲ್ಲಿ ಒಂದು ಜಿಲ್ಲೆ ಬಿಳಿ ಉಳಿದಿದೆ. ನೀವು ಏನಂದುಕೊಳ್ಳುತ್ತೀರಿ? ‘ಅಲ್ಲಿ ಸಮಸ್ಯೆ ಇಲ್ಲ.’ ನಿಜವಾಗಿ ಬಹಳ ಸಲ ಅಲ್ಲಿ ಅಂಕಿಯೇ ಇಲ್ಲ!

ಸಾಫ್ಟ್‌ವೇರ್ ಹೆಸರಿಗೆ ಹೆಸರು ಹೊಂದಿಸಿ ಬಣ್ಣ ಹಚ್ಚುತ್ತದೆ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರು ಸರಿಯಾದವು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು. ನಕ್ಷೆಯ ಫೈಲಿನಲ್ಲಿ ಹಳೆಯ ಹೆಸರು, ಅಂಕಿಯ ಫೈಲಿನಲ್ಲಿ ಹೊಸ ಹೆಸರು ಇದ್ದರೆ ಸಾಫ್ಟ್‌ವೇರಿಗೆ ಎರಡೂ ಬೇರೆ ಊರು. ಫಲ? ವಿಜಯಪುರ ಬಿಳಿ. 2021ರಲ್ಲಿ ವಿಜಯನಗರ ಹೊಸ ಜಿಲ್ಲೆಯಾಯಿತು. 2011ರ ಅಂಕಿಯಲ್ಲಿ ಆ ಹೆಸರೇ ಇಲ್ಲ. ಅದೂ ಬಿಳಿ.

ಕನ್ನಡದಲ್ಲಿ ಹೆಸರು ಹೊಡೆದರೆ ಇನ್ನೊಂದು ಫಜೀತಿ. ನಮ್ಮ ಪ್ರೆಸ್ಸುಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದದ್ದು ಹಳೆಯ ಫಾಂಟುಗಳಲ್ಲಿ. ನಮ್ಮ ಕಂಪ್ಯೂಟರಿನಲ್ಲಿ ‘ಬಳ್ಳಾರಿ’ ಅಂತ ಕಾಣುವುದು ಒಳಗೆ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಕಲಸುಮೇಲೋಗರ. ಅದನ್ನು ಟ್ಯಾಬ್ಲೋಗೋ ಗೂಗಲ್ ಶೀಟ್ಸಿಗೋ ಹಾಕಿದರೆ ಆ ಮೇಲೋಗರವೇ ಹೊರಬರುತ್ತದೆ. ಕನ್ನಡದಲ್ಲಿ ಚಾರ್ಟು ಆಗುವುದಿಲ್ಲ ಅಂತ ಕೈಚೆಲ್ಲುವವರಿಗೆ ಹೇಳಿ: ಯೂನಿಕೋಡ್‌ನಲ್ಲಿ ಹೊಡೆಯಿರಿ, ಎಲ್ಲ ಕಡೆ ಒಂದೇ ಕಾಗುಣಿತ ಇಟ್ಟುಕೊಳ್ಳಿ, ಖಂಡಿತ ಆಗುತ್ತದೆ. ನಾನೇ ಮಾಡಿದ್ದೇನೆ. ಅಂಕಿ ಸಿಗದ ಜಾಗಕ್ಕೆ ಬಿಳಿ ಬಿಡಬೇಡಿ. ಅಡ್ಡಗೆರೆ ಹಾಕಿ ‘ಮಾಹಿತಿ ಇಲ್ಲ’ ಅಂತ ಬರೆಯಿರಿ. ಯಾದಗಿರಿಯ ಲೆಕ್ಕವನ್ನು ಯಾದಗಿರಿಯ ಹೆಣ್ಣುಮಗಳೇ ಓದಲಾಗದಿದ್ದರೆ ಆ ಚಾರ್ಟು ಯಾರ ಉದ್ಧಾರಕ್ಕೆ?

ಈಗ ನಿಮ್ಮ ಕೆಲಸ

ಹುಡುಗರೇ, ಬಣ್ಣದ ಚಿತ್ರ ಬಂದಾಗ ಐದು ಪ್ರಶ್ನೆ ಕೇಳಿ. ಸ್ಕೇಲು ಎಲ್ಲಿಂದ ಎಲ್ಲಿಯವರೆಗೆ? ಗೆರೆ ಎಲ್ಲಿ ಎಳೆದಿದ್ದಾರೆ, ಯಾಕೆ ಅಲ್ಲೇ? ಇದು ಒಟ್ಟು ಸಂಖ್ಯೆಯೋ, ಲಕ್ಷಕ್ಕೆ ಇಷ್ಟೋ? ಬಿಳಿ ಜಾಗ ಸೊನ್ನೆಯೋ, ಮಾಹಿತಿ ಇಲ್ಲವೋ? ಯಾವ ವರ್ಷದ ಅಂಕಿ? ಐದಕ್ಕೂ ಉತ್ತರ ಇಲ್ಲದ ಚಿತ್ರವನ್ನು ಫಾರ್ವರ್ಡ್ ಮಾಡಬೇಡಿ.

ಕೇಳಿದರೆ ಮಾತ್ರ ಸಾಲದು. ನೀವೂ ಕುಂಚ ಹಿಡಿಯಿರಿ. ನಿಮ್ಮ ಬಡಾವಣೆಯ ಹತ್ತು ಕ್ರಾಸುಗಳ ಹೆಸರು ಅಡ್ಡಸಾಲಿನಲ್ಲಿ ಬರೆಯಿರಿ. ತಿಂಗಳ ಮೂವತ್ತು ದಿನ ಕಂಬಸಾಲಿನಲ್ಲಿ. ಯಾವ ದಿನ ಯಾವ ಕ್ರಾಸಿಗೆ ಎಷ್ಟು ಗಂಟೆ ನೀರು ಬಂತು, ಬರೆಯುತ್ತಾ ಹೋಗಿ. ನೀರು ಬಾರದ ದಿನಕ್ಕೆ ಸೊನ್ನೆ. ನೀವು ಮನೆಯಲ್ಲಿಲ್ಲದ ದಿನಕ್ಕೆ ಅಡ್ಡಗೆರೆ. ತಿಂಗಳ ಕೊನೆಗೆ ಎಲ್ಲಕ್ಕೂ ಸೇರಿ ಒಂದೇ ಸ್ಕೇಲು, ಒಂದೇ ಬಣ್ಣ, ಐದು ಮೆಟ್ಟಿಲು. ಪ್ರತಿ ಮನೆಯೊಳಗೂ ಅಂಕಿ ಕಾಣುವ ಹಾಗೆ ಇಡಿ. ಬಣ್ಣ ಕಣ್ಣಿಗೆ, ಅಂಕಿ ಸಾಕ್ಷಿಗೆ. ಯಾವ ಕ್ರಾಸಿನ ಸಾಲು ಪೂರ್ತಿ ಬಿಳಿಚಿಕೊಂಡಿದೆ ಅಂತ ನೋಡಿ. ಆ ಹಾಳೆ ಹಿಡಿದು ನೀರಿನ ಕಚೇರಿಗೆ ಹೋಗಿ. ಬರಿಗೈಯಲ್ಲಿ ಹೋಗಿ ಕೂಗಾಡಿದವನನ್ನು ಗೇಟಿನಲ್ಲೇ ಕಳಿಸಬಹುದು. ತಿಂಗಳ ಲೆಕ್ಕ ಹಿಡಿದು ಹೋದವನಿಗೆ ಉತ್ತರ ಹೇಳಲೇಬೇಕು.

ಹೋಗುವ ಮೊದಲು ಒಂದು ಜೆರಾಕ್ಸ್ ತೆಗೆಸಿ ನೋಡಿ. ಜೆರಾಕ್ಸಿನಲ್ಲೂ ಅದು ಅದೇ ಮಾತು ಹೇಳಿದರೆ ನಿಮ್ಮ ಹೀಟ್ ಮ್ಯಾಪ್ ಪಾಸು. ಇಲ್ಲದಿದ್ದರೆ ಮತ್ತೆ ಕೂತು ಮಾಡಿ. ನಾನು 500 ಕಾಪಿ ದಂಡ ತೆತ್ತು ಕಲಿತ ಪಾಠ ಇದು. ನಿಮಗೆ ಒಂದು ಜೆರಾಕ್ಸಿನ ಖರ್ಚಿನಲ್ಲಿ ಸಿಗುತ್ತಿದೆ.